ಎಡಗಡೆ ಬಾಗಿಲು

3 ಸೆಪ್ಟೆಂಬರ್ 2012, ಸೋಮವಾರ. ಬೆಳಿಗ್ಗೆ 6.00

ಫಾಸ್ಟಿಂಗ್ 196. ನಿನ್ನೆ ತಿಂದಿದ್ದು ಅರ್ಧ ಮುದ್ದೆ, ಸೊಪ್ಪಿನ ಸಾರು. ಗೋಪಾಲಮ್ಮನೇ ಸಾಕ್ಷಿ. ಆದರೂ ಅವಳು ಮಿಷನ್ನನ್ನು ನಂಬುತ್ತಾಳೆ, ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನನ್ನು ನಂಬುವುದಿಲ್ಲ.

ಡಾಕ್ಟರಮ್ಮ ದಿನಾ ಬರೆದಿಡಿ ಎಂದಿದ್ದಾರೆ. ಸಕ್ಕರೆಗೆ ಒಂದು ಸಾಲು ಸಾಕು. ಮಿಕ್ಕ ಪುಟ ಖಾಲಿ ಬಿಡುವುದು ದಂಡ. ಅದಕ್ಕೇ ಬೇರೆಯದನ್ನೂ ಬರೆಯುತ್ತಿದ್ದೇನೆ.

ಇವತ್ತು ಯಲಹಂಕದ ಶೆಡ್ಡಿಗೆ ಹಳೇ ಕಾಂಟೆಸ್ಸಾ ಕಾರು ಬರುತ್ತದೆ. ಶ್ರೀಕಾಂತ್ ಅವರದು. ಆರ್.ಟಿ. ನಗರದಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿ, ತಲೆಯಲ್ಲಿ ನೂರು ಕನಸು. ಆ ಕಾಂಟೆಸ್ಸಾದ ಮೇಲ್ಭಾಗ ಕತ್ತರಿಸಿ ಎಸೆದು, 2050ರಲ್ಲಿ ಓಡಬೇಕಾದ ಕಾರು ಕಟ್ಟಬೇಕಂತೆ. ಜನವರಿಯಲ್ಲಿ ತುಮಕೂರು ರಸ್ತೆಯ ದೊಡ್ಡ ಹಾಲಿನಲ್ಲಿ ಎಕ್ಸಿಬಿಷನ್, ಸ್ಪರ್ಧೆ. ಕಾರಿಗೆ ಹೆಸರೂ ಇಟ್ಟಾಗಿದೆ — 'ನಾಳೆ'.

ಮೂವತ್ತು ವರ್ಷದ ಟಿಂಕರಿಂಗ್ ನನ್ನದು. ಗುದ್ದಿಸಿಕೊಂಡು ಬಂದ ಬಾಗಿಲು, ಮಡ್‌ಗಾರ್ಡು, ಬಾನೆಟ್ಟು... ತಟ್ಟಿ ತಟ್ಟಿ ಹಳೇ ರೂಪಕ್ಕೆ ತರುವುದೇ ಕೆಲಸ. ಹೊಸದಾಗಿ ಒಂದು ರೂಪ ಮಾಡಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಐವತ್ತೆರಡಕ್ಕೆ ಕೇಳಿದರು. ಖುಷಿಯಾಗಿದೆ. ನನ್ನ ಡೈರಿ, ಬರೆದುಕೊಳ್ಳಲು ನಾಚಿಕೆ ಏನು.

ಅದೇ ದಿನ, ಸಂಜೆ 7.30

ಖುಷಿಗೆ ಆಯಸ್ಸು ಕಡಿಮೆ. ಶೆಡ್ಡಿಗೆ ಹೋದರೆ ಅಲ್ಲಿ ಇನ್ನೊಬ್ಬ ಕುಳಿತಿದ್ದ. ಮಹೇಂದ್ರ. ಮೂವತ್ತು ಇರಬಹುದು. ಬೆಟ್ಟಹಲಸೂರು ಕಡೆಯವನು. ಫೈಬರ್ ಕೆಲಸ. ಸಿನಿಮಾ ಸೆಟ್ಟಿಗೆ ಕಂಬ, ಮೆರವಣಿಗೆಗೆ ಆನೆ, ಹೋಟೆಲ್ ಬಾಗಿಲಲ್ಲಿ ಕೈ ಮುಗಿಯುವ ಗೊಂಬೆ, ಎಲ್ಲ ಮಾಡಿದ್ದಾನಂತೆ. ಈಗ ಲ್ಯಾಪ್‌ಟಾಪಿನಲ್ಲಿ ಕಾರು ಬರೆಯುತ್ತಾನೆ.

"ಚನ್ನಕೇಶವ್ ಅವ್ರೇ, ಇವ್ರು ನಮ್ ಡಿಸೈನರ್. ನೀವು ಇವ್ರಿಗೆ ಸ್ವಲ್ಪ ಸಪೋರ್ಟ್ ಮಾಡ್ಬೇಕು," ಅಂದರು ಶ್ರೀಕಾಂತ್.

ಅವನು ಎದ್ದು ಕೈ ಮುಗಿದ. "ನಮಸ್ಕಾರ ಮೇಸ್ತ್ರಿ. ನಿಮ್ ಎಸ್ರು ಕೇಳಿವ್ನಿ."

ಎಲ್ಲಿ ಕೇಳಿದ್ದ, ಯಾರು ಹೇಳಿದ್ದರು — ಕೇಳಬೇಕು ಅನಿಸಿತು. ಕೇಳಲಿಲ್ಲ.

ಹೋಟೆಲ್ ಗೊಂಬೆ ಮಾಡುವವನು ಡಿಸೈನರ್. ನಾನು ಸಪೋರ್ಟ್.

11 ಸೆಪ್ಟೆಂಬರ್, ಮಂಗಳವಾರ

188. ಶೆಡ್ಡಿನ ತುಂಬ ಥರ್ಮಾಕೋಲ್ ಪುಡಿ, ಜೇಡಿಮಣ್ಣು. ಮಹೇಂದ್ರ ಕಾರಿನ ಮೂತಿ ಮಾಡುತ್ತಿದ್ದಾನೆ. ಮಣ್ಣಿನಲ್ಲಿ ಮೊದಲು, ಆಮೇಲೆ ಅದರ ಅಚ್ಚು, ಅಚ್ಚಿನೊಳಗೆ ಫೈಬರ್. ಮಣ್ಣು ಸವರುವುದಕ್ಕೆ ಮನೆಯಿಂದ ದೋಸೆ ಮಗುಚುವ ಕೈ ತಂದಿದ್ದಾನೆ. ಶಿಳ್ಳೆ ಹಾಕಿಕೊಂಡು ಸವರುತ್ತಾನೆ. ಮಧ್ಯೆ ಮಧ್ಯೆ ಮೊಬೈಲಿನಲ್ಲಿ ಫೋಟೊ.

ನನ್ನ ಸುತ್ತಿಗೆಗಳ ಫೋಟೊ ಕೂಡ ತೆಗೆದ. "ಇವ್ನೆಲ್ಲ ಮ್ಯೂಸಿಯಂ ನಾಗೆ ಇಡ್ಬೇಕು ಮೇಸ್ತ್ರಿ." ಹೊಗಳಿದ್ದೋ, ನನ್ನನ್ನೂ ಅಲ್ಲೇ ಇಡಬೇಕು ಎಂದಿದ್ದೋ.

ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಒದ್ದೆ ಬಟ್ಟೆ ಸರಿಸಿ ನೋಡಿದೆ. ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಸೀಳು. ಅಲ್ಲಿಂದ ಒಂದು ಗೆರೆ ಹೊರಟು ಬಾನೆಟ್ಟಿನ ಮೇಲೆ ಹರಿದು ಹೋಗುತ್ತದೆ, ಎಲ್ಲಿಯೂ ತಡವರಿಸುವುದಿಲ್ಲ. ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಮೂರು ಸುತ್ತು ಬಂದೆ.

ಚೆನ್ನಾಗಿದೆ. ಅದೇ ಸಂಕಟ.

20 ಸೆಪ್ಟೆಂಬರ್, ಗುರುವಾರ

210. ಗಣೇಶನ ಕಡುಬು ಒಂದೇ ಒಂದು... ಸರಿ, ಮೂರು.

ಬೆಳಿಗ್ಗೆ ಟಿವಿಎಸ್ ಮೇಲೆ ಹೆಬ್ಬಾಳ ಫ್ಲೈಓವರ್ ದಾಟಿ ಶೆಡ್ಡಿಗೆ ಬಂದು ಇಳಿದರೆ ಎಡಗಾಲಿಗೆ ಚಪ್ಪಲಿ ಇಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ. ಮಹೇಂದ್ರ ನಕ್ಕ. ತನ್ನ ಹಳೇ ಜೋಡಿ ಕೊಟ್ಟ. ಅವನ ಚಪ್ಪಲಿ ನನಗೆ ಒಂದು ಸೈಜು ದೊಡ್ಡದು. ಬೇಡ ಎಂದು ದಿನವಿಡೀ ಒಂದೇ ಚಪ್ಪಲಿಯಲ್ಲಿ ಓಡಾಡಿದೆ.

6 ಅಕ್ಟೋಬರ್, ಶನಿವಾರ

179. ಕಾವೇರಿ ಬಂದ್. ಒಳರಸ್ತೆಯಲ್ಲಿ ನುಸುಳಿ ಬಂದೆ. ಶಟರ್ ಎಳೆದುಕೊಂಡು ಒಳಗೆ ಕೆಲಸ.

ಇವತ್ತು ಒಳ್ಳೆಯ ದಿನ. 'ನಾಳೆ'ಯ ಬಾಗಿಲು ಪಕ್ಕಕ್ಕೆ ತೆರೆಯುವುದಿಲ್ಲ, ಹದ್ದಿನ ರೆಕ್ಕೆಯ ಹಾಗೆ ಮೇಲಕ್ಕೆ ಏಳಬೇಕು. ಫೈಬರ್ ಬಾಗಿಲು ಮಾಡಿ ಎತ್ತಿದರು. ಮೂರನೇ ಸಲಕ್ಕೆ ಕೀಲಿನ ಹತ್ತಿರ ಪಟ್ಟಂತ ಸೀಳಿತು. ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು. ಸಕ್ಕರೆ ನನಗೆ ನಿಷಿದ್ಧ, ಆದರೂ.

ಮಹೇಂದ್ರನೇ ಶ್ರೀಕಾಂತ್‌ಗೆ ಹೇಳಿದ: "ಇದ್ಕೆ ತಗಡೇ ಆಗ್ಬೇಕು ಸಾರ್. ಎರಡೂ ಬಾಗ್ಲು ಮೇಸ್ತ್ರಿ ಕೈನಾಗೆ ಮಾಡ್ಸಿ."

ಅವನು ಶಿಫಾರಸು ಮಾಡಿ ನನಗೆ ಕೆಲಸ ಸಿಗಬೇಕಾಯಿತಲ್ಲ. ಆದರೂ ಬಾಗಿಲು ನನ್ನದು. ಎರಡೂ.

ತಗಡು ನೋಡುವುದು ಹೇಗೆ ಎಂದು ಅವನಿಗೆ ತೋರಿಸಿದೆ. ಹಳೇ ಬನಿಯನ್ ತುಂಡು ಅಂಗೈ ಕೆಳಗೆ ಇಟ್ಟುಕೊಳ್ಳಬೇಕು. ಕಣ್ಣು ಮುಚ್ಚಬೇಕು. ನಿಧಾನವಾಗಿ ಸವರಬೇಕು. ಕೂದಲೆಳೆಯಷ್ಟು ಉಬ್ಬು ಇದ್ದರೂ ಅಂಗೈಗೆ ಗೊತ್ತಾಗುತ್ತದೆ. ಯಶವಂತಪುರದಲ್ಲಿ ನನಗೆ ಕೆಲಸ ಕಲಿಸಿದ ಸೊಣ್ಣಪ್ಪ ಮೇಸ್ತ್ರಿ ಹೇಳುತ್ತಿದ್ದರು: "ಕಣ್ಣು ಸುಳ್ಳು ಹೇಳ್ತದೆ ಕಣೋ. ಅಂಗೈ ಹೇಳಲ್ಲ." ಪೋಸ್ಟ್‌ಕಾರ್ಡಿಗಿಂತ ದಪ್ಪ ಪುಟ್ಟಿ ಬಳಿದು ತಗ್ಗು ಮುಚ್ಚುವವನು ಅವರ ಲೆಕ್ಕದಲ್ಲಿ ಟಿಂಕರೇ ಅಲ್ಲ, ಗಾರೆ ಕೆಲಸದವನು.

ಮಹೇಂದ್ರ ಕಣ್ಣು ಮುಚ್ಚಿ ಕಾಂಟೆಸ್ಸಾದ ಹಳೇ ಡಿಕ್ಕಿ ಸವರಿದ. ಮೂರು ಕಡೆ ಬೆರಳು ನಿಲ್ಲಿಸಿದ. ಮೂರೂ ಸರಿ.

ನಾನು ಅದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡಿದ್ದೆ.

23 ಅಕ್ಟೋಬರ್, ಮಂಗಳವಾರ. ಆಯುಧಪೂಜೆ

ಸುತ್ತಿಗೆ, ತಗಡಿನ ಹಿಂದೆ ಒತ್ತಿ ಹಿಡಿಯುವ ಡಾಲಿ, ಕತ್ತರಿ ಎಲ್ಲ ತೊಳೆದು ಸಾಲಾಗಿ ಜೋಡಿಸಿದೆ. ವಿಭೂತಿ, ಕುಂಕುಮ, ಚೆಂಡುಹೂವು. ತಿರುಗಿ ನೋಡಿದರೆ ನನ್ನ ದೊಡ್ಡ ಸುತ್ತಿಗೆಯ ಪಕ್ಕದಲ್ಲಿ ಅವನ ಲ್ಯಾಪ್‌ಟಾಪ್! ಅದರ ಮೇಲೂ ಕುಂಕುಮ.

"ಇದೇನ್ ಆಯುಧವೇನೋ?" ಅಂದೆ.

"ನನ್ ಆಯುಧ ಇದೇ ಅಲ್ವಾ ಮೇಸ್ತ್ರಿ."

ಪೇಂಟರ್ ಆವಲಪ್ಪ ನಕ್ಕುಬಿಟ್ಟ. ಆವಲಪ್ಪ ನನ್ನ ಕಾಲದವನು, ಇಪ್ಪತ್ತು ವರ್ಷದ ಸ್ನೇಹ. ಅವನೂ ಆ ಕಡೆಯೇ. ಕುಂಬಳಕಾಯಿ ಒಡೆಯಲು ಶ್ರೀಕಾಂತ್ ಕರೆದಿದ್ದು ಮಹೇಂದ್ರನನ್ನು. ಶೆಡ್ಡಿನಲ್ಲಿ ಹಿರಿಯ ಯಾರು ಎಂದು ಕೇಳುವ ಅಭ್ಯಾಸವೂ ಹೋಯಿತು.

ಮನೆಗೆ ಬಂದು ಎಲ್ಲ ಹೇಳಿದೆ. ಗೋಪಾಲಮ್ಮ ಹೂವು ಕಟ್ಟುತ್ತಾ ಅಂದಳು: "ಬೆಳಗಿಂದ ಅವನ್ ಹೆಸ್ರು ಹನ್ನೊಂದ್ ಸಲ ಆಯ್ತು. ದೇವ್ರ ಹೆಸ್ರು ಒಂದ್ ಸಲ ಹೇಳಿದ್ರಾ?"

9 ನವೆಂಬರ್, ಶುಕ್ರವಾರ

ಬಲಗಡೆ ಬಾಗಿಲು ಮುಗಿಯಿತು. ಹದಿನಾಲ್ಕು ದಿನ. ಚಪ್ಪಟೆ ತಗಡಿನಿಂದ ಆ ಬಾಗು ಎಬ್ಬಿಸುವುದು ಹುಡುಗಾಟವಲ್ಲ. ಮೊನ್ನೆ ಸಂಜೆ ಕೊನೆಯ ಸಲ ಕಣ್ಣು ಮುಚ್ಚಿ ಸವರಿದೆ. ಬೆಣ್ಣೆ. ಎಲ್ಲಿಯೂ ಏನೂ ಇಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ನಯವಾದ ಕೆಲಸ ನನ್ನ ಕೈಯಿಂದ ಬಂದಿಲ್ಲ.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಮಹೇಂದ್ರ ಅದಕ್ಕೆ ಪ್ರೈಮರ್ ಹೊಡೆದು ನಿಲ್ಲಿಸಿದ್ದ. ಯಾರು ಹೇಳಿದ್ದರು ಇವನಿಗೆ? "ತುಕ್ಕು ಇಡೀತದೆ ಅಂತ ಒಡ್ದೆ ಮೇಸ್ತ್ರಿ," ಅಂದ.

ಇವತ್ತು ಶ್ರೀಕಾಂತ್ ಬಂದು ಬಾಗಿಲು ಸವರಿ, "ಏನ್ ಸಾರ್ ಇದು, ಫ್ಯಾಕ್ಟರಿ ಪ್ರೆಸ್‌ನಲ್ಲಿ ಒತ್ತಿದ ಹಾಗಿದೆ!" ಅಂದರು. ಎರಡು ಸಲ ಅಂದರು. ಮಹೇಂದ್ರ ಮೂಲೆಯಲ್ಲಿ ನಿಂತು ಕೇಳಿಸಿಕೊಂಡ. ಕೇಳಿಸಿಕೊಳ್ಳಲಿ.

ಚಹಾ ಬಂತು. ಆವಲಪ್ಪ ಲೋಟ ಹಿಡಿಯಲಾಗದೆ ಟವೆಲ್ ಸುತ್ತಿಕೊಂಡ. "ನಿಂಗೆ ಬಿಸಿ ತಾಗಲ್ವೇನಯ್ಯಾ?" ಅಂದ. ಸುತ್ತಿಗೆ ಹಿಡಿದ ಕೈ ಕಣಯ್ಯಾ ಇದು, ಅಂದೆ. ಮಹೇಂದ್ರ ನನ್ನ ಕೈಯನ್ನೇ ನೋಡುತ್ತಿದ್ದ.

1 ಡಿಸೆಂಬರ್, ಶನಿವಾರ

224. ಎಡಗಡೆ ಬಾಗಿಲು ಹಟ ಮಾಡುತ್ತಿದೆ. ಬನಿಯನ್ ಬಟ್ಟೆ ಸರಿಯಿಲ್ಲ ಎಂದು ಮೂರು ಸಲ ಬದಲಾಯಿಸಿದೆ.

ಪುಣೆಯ ಒಂದು ಡಿಸೈನ್ ಕಂಪನಿಯವರು ಎಕ್ಸಿಬಿಷನ್ನಿಗೆ ಬರುತ್ತಾರಂತೆ. ಕಾರು ಹಿಡಿಸಿದರೆ ಮುಂದಿನ ಕಾರು ಅವರ ಜೊತೆ, ಮುಂಬಯಿ ಶೋಗೆ. ಮಹೇಂದ್ರನನ್ನು ವರ್ಷಕ್ಕೆ ಅಲ್ಲಿಗೇ ಕರೆದುಕೊಳ್ಳುವ ಮಾತು. ಶೆಡ್ಡಿನಲ್ಲಿ ಎಲ್ಲರಿಗೂ ಸಂಭ್ರಮ. ಆವಲಪ್ಪ ಸಿಹಿ ಹಂಚಿದ. ನಾನು ಸಕ್ಕರೆ ಕಾಯಿಲೆ ಎಂದು ತಪ್ಪಿಸಿಕೊಂಡೆ. ಕಾಯಿಲೆಯಿಂದ ಒಂದಾದರೂ ಉಪಯೋಗ.

ಆಮೇಲೆ ಶ್ರೀಕಾಂತ್ ಬೋರ್ಡಿನ ಕರಡು ತೋರಿಸಿದರು. ಹಾಲಿನಲ್ಲಿ ಕಾರಿನ ಮುಂದೆ ನಿಲ್ಲಿಸುವ ಬೋರ್ಡು. 'ವಿನ್ಯಾಸ: ಮಹೇಂದ್ರ. ತಯಾರಿಕೆ: ಮಹೇಂದ್ರ ಮತ್ತು ತಂಡ.'

ಎರಡು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ.

ಎರಡು ಬಾಗಿಲು ಬರಿಗೈಯಲ್ಲಿ ಎಬ್ಬಿಸಿದ ಚನ್ನಕೇಶವ ಯಾರು? 'ಮತ್ತು ತಂಡ'.

ಶ್ರೀಕಾಂತ್ ಎದುರು "ಚೆನ್ನಾಗಿದೆ ಸಾರ್" ಅಂದೆ. ಹೊರಗೆ ಬಂದು ಟಿವಿಎಸ್‌ಗೆ ಕಿಕ್ ಹೊಡೆದ ರಭಸಕ್ಕೆ ಕಿಕ್ಕರ್ರೇ ಬಗ್ಗಿತು.

19 ಡಿಸೆಂಬರ್, ಬುಧವಾರ

ಬರೆದುಬಿಡುತ್ತೇನೆ. ಇಲ್ಲಿ ಯಾರೂ ಓದುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಅವನ ಶಿಳ್ಳೆಯ ಮೇಲೆ, ಅವನ ಗೆರೆಯ ಮೇಲೆ, ಒಂದೇ ಸಲಕ್ಕೆ ಕಲಿತ ಅವನ ಅಂಗೈ ಮೇಲೆ. ಅವನು ಕೆಟ್ಟವನಾಗಿದ್ದಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಬೆಳಿಗ್ಗೆ ನನ್ನ ಗಾಡಿಯ ಕಿಕ್ಕರ್ ಅವನೇ ನೆಟ್ಟಗೆ ಮಾಡಿಟ್ಟಿದ್ದ.

11 ಜನವರಿ 2013, ಶುಕ್ರವಾರ

ಹೊಸ ಡೈರಿ ಇನ್ನೂ ಸಿಕ್ಕಿಲ್ಲ. ಹಳೆಯದರ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಸಕ್ಕರೆ ನೋಡಿಕೊಂಡಿಲ್ಲ.

ನಿನ್ನೆ ಎಡಗಡೆ ಬಾಗಿಲು ಮುಗಿಸಿದ್ದೆ. ಸವರಿದೆ. ಬೆಣ್ಣೆ, ಬಲಗಡೆಯದಕ್ಕಿಂತಲೂ ನಯ. ಇವತ್ತು ಎಂಟಕ್ಕೇ ಹೋದೆ. ಶೆಡ್ಡಿನಲ್ಲಿ ಯಾರೂ ಇಲ್ಲ. ಬಾಗಿಲಿನ ಮೇಲೆ ಮೊಣಕೈ ಉದ್ದಕ್ಕೆ ಪುಟ್ಟಿ. ಬಳಿದು, ಒಣಗಿಸಿ, ಉಜ್ಜಿ ನಯ ಮಾಡಿದ್ದಾನೆ. ನನ್ನ ತಗಡಿನ ಮೇಲೆ. ನನಗೆ ಹೇಳದೆ. ಪಕ್ಕದಲ್ಲಿ ಚೀಟಿ: 'ಎಸ್.ಪಿ. ರಸ್ತೆಗೆ ಲೈಟ್ ತರಲು ಹೋಗಿದ್ದೇನೆ. ಮಹೇಂದ್ರ.'

ಮೈ ಉರಿದು ಹೋಯಿತು. ಗೊತ್ತಾಯಿತು ಅವನ ಲೆಕ್ಕ. ನಾಳೆ ಪುಣೆಯವರು ಬಾಗಿಲು ಹೊಗಳಿದರೆ, "ಅದೂ ನಾನೇ ಸರಿ ಮಾಡಿದ್ದು ಸಾರ್" ಅನ್ನುತ್ತಾನೆ. ಇಡೀ ಕಾರಿನಲ್ಲಿ ನನ್ನದು ಅಂತ ಇದ್ದದ್ದು ಎರಡೇ ಬಾಗಿಲು. ಅದರಲ್ಲೂ ಪಾಲು ಬೇಕೆ ಇವನಿಗೆ?

ಒರಟು ಉಪ್ಪುಕಾಗದ ತೆಗೆದುಕೊಂಡೆ. ಒಂದು ಗಂಟೆ ಉಜ್ಜಿದೆ. ಪುಟ್ಟಿ ಎಲ್ಲ ಪುಡಿಯಾಗಿ ಉದುರಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಬೋಳು ತಗಡು ಹೊಳೆಯಿತು. ಕಣ್ಣು ಮುಚ್ಚಿ ಸವರಿದೆ. ಏನೂ ಇಲ್ಲ! ಒಂದು ತಗ್ಗಿಲ್ಲ, ಒಂದು ಉಬ್ಬಿಲ್ಲ. ಯಾವುದಕ್ಕೆ ಬಳಿದಿದ್ದ ಹಾಗಾದರೆ?

ಅವನಿಗೆ ಗೊತ್ತಾಗಬಾರದು ಎಂದು ನಾನೇ ಪ್ರೈಮರ್ ಹೊಡೆದೆ. ಬೂದು ಪ್ರೈಮರ್ ಕೆಳಗೆ ಪುಟ್ಟಿ ಇದೆಯೋ ತಗಡಿದೆಯೋ ಬ್ರಹ್ಮನಿಗೂ ಕಾಣುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಲಾರಿ ಬಂದು ಕಾರನ್ನು ಪೇಂಟ್ ಬೂತಿಗೆ ಒಯ್ದಿತು. ಮಹೇಂದ್ರ ಓಡಿ ಬಂದು ಬಾಗಿಲು ನೋಡಿದ. "ಪ್ರೈಮರ್ ಆಕ್ಬುಟ್ರಾ ಮೇಸ್ತ್ರಿ? ಒಳ್ಳೇದಾಯ್ತು," ಅಂದ. ಸಮಾಧಾನವಾದವನ ಹಾಗೆ ಉಸಿರು ಬಿಟ್ಟ.

ನನಗೂ ಸಮಾಧಾನ. ಬಹಳ ದಿನದ ಮೇಲೆ ಹಸಿವಾಯಿತು.

12 ಜನವರಿ, ಶನಿವಾರ

ಗೋಪಾಲಮ್ಮ ಕಿರುಚಿಕೊಂಡಳು. ಮೊಸಾಯಿಕ್ ನೆಲದ ಮೇಲೆ ರಕ್ತದ ಹೆಜ್ಜೆ, ಬಚ್ಚಲಿನಿಂದ ಅಡುಗೆಮನೆಯವರೆಗೆ. ನನ್ನ ಹಿಮ್ಮಡಿಯೊಳಗೆ ತಗಡಿನ ಚೂರು ಹೊಕ್ಕಿದೆ. ನಿನ್ನೆಯಿಂದ ಇತ್ತೋ ಏನೋ. ನೋವೇ ಆಗಿರಲಿಲ್ಲ. ನೆಲಕ್ಕೆ ಕಾಲಿಡಬೇಡಿ ಎಂದು ಡಾಕ್ಟರಮ್ಮನ ಆಜ್ಞೆ. ಬೂತಿಗೆ ಹೋಗಲಾಗಲಿಲ್ಲ. ಈ ಸಲ ಸಂಕ್ರಾಂತಿಯ ಎಳ್ಳು-ಬೆಲ್ಲವೂ ಇಲ್ಲ.

18 ಜನವರಿ, ಶುಕ್ರವಾರ. ಸಂಜೆ

ಹೇಗೆ ಬರೆಯಲಿ.

ಕುಂಟಿಕೊಂಡೇ ಹೋದೆ. ಬಿಳಿ ಷರಟು ಇಸ್ತ್ರಿ ಮಾಡಿಸಿದ್ದೆ. ಎಂಥ ದೊಡ್ಡ ಹಾಲು! ಒಂದು ಕಡೆ ಯಶವಂತಪುರದ ಯಾರೋ ಆಟೋವನ್ನು ರಾಕೆಟ್ ಮಾಡಿದ್ದರು, ಹುಡುಗರು ಮುತ್ತಿಕೊಂಡಿದ್ದರು. ಇನ್ನೊಂದು ಕಡೆ ಚಕ್ರವೇ ಕಾಣದ ಕಾರು, ಮೀನಿನ ರೆಕ್ಕೆಯ ಕಾರು. ನಮ್ಮದು ನಡುವೆ, ತಿರುಗುವ ಕಟ್ಟೆಯ ಮೇಲೆ. ಕಪ್ಪು-ನೀಲಿ ಬಣ್ಣ. ಬಾಗಿಲು ಎರಡೂ ಮೇಲಕ್ಕೆದ್ದು, ಈಗಲೋ ಆಗಲೋ ಹಾರುವ ಹಾಗೆ... ಕಣ್ಣು ತುಂಬಿತು. ನಿಜವಾಗಿ.

ಮುಂದೆ ಬೋರ್ಡು. ಓದಿದೆ. 'ವಿನ್ಯಾಸ: ಮಹೇಂದ್ರ. ಬಾಗಿಲುಗಳು: ಚನ್ನಕೇಶವ, ಗಂಗಾನಗರ.'

"ಮಹೇಂದ್ರ ಹಟ ಹಿಡಿದು ಬದಲಾಯ್ಸಿದ ಕಣ್ರೀ. ಪ್ರಿಂಟ್ ಆದ್ಮೇಲೆ ಇನ್ನೊಂದ್ ಸಲ ಪ್ರಿಂಟ್ ಹಾಕ್ಸಿದ," ಅಂದರು ಶ್ರೀಕಾಂತ್.

ನನ್ನ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ ನೋಡಿದ್ದು ಮದುವೆ ಪತ್ರಿಕೆಯಲ್ಲಿ ಮಾತ್ರ.

ಹನ್ನೊಂದಕ್ಕೆ ಪುಣೆಯವರೂ ಜಡ್ಜುಗಳೂ ಬಂದರು. ಬಾಗಿಲು ಇಳಿಸಿದರು. ಹಾಲಿನ ಚಾವಣಿಯಲ್ಲಿ ಉದ್ದುದ್ದ ಟ್ಯೂಬ್‌ಲೈಟು ಸಾಲು. ಆ ಸಾಲು ಬಾನೆಟ್ಟಿನ ಮೇಲೆ ಬಿದ್ದು ನೆಟ್ಟಗೆ ಹರಿಯುತ್ತಿತ್ತು. ಬಲಗಡೆ ಬಾಗಿಲಿನ ಮೇಲೂ ನೆಟ್ಟಗೆ. ಕಟ್ಟೆ ತಿರುಗಿತು. ಎಡಗಡೆ ಬಾಗಿಲು ಬೆಳಕಿಗೆ ಬಂತು.

ಬೆಳಕಿನ ಗೆರೆ ಹಾವಿನ ಹಾಗೆ ಹೊರಳಿತು. ಮೊಣಕೈ ಉದ್ದಕ್ಕೆ. ಸರಿಯಾಗಿ ಅವನು ಪುಟ್ಟಿ ಬಳಿದಿದ್ದ ಜಾಗದಲ್ಲಿ.

ಪುಣೆಯವನು ಬಗ್ಗಿ ನೋಡಿದ. ಜಡ್ಜು ಏನೋ ಬರೆದುಕೊಂಡ. ಶ್ರೀಕಾಂತ್ ಮುಖ ಬಿಳಿಚಿತು. "ಯಾರ್ ಮಾಡಿದ್ದು ಈ ಡೋರು?" ಅಂದರು. ಬೋರ್ಡಿನಲ್ಲಿ ಬರೆದೇ ಇದೆಯಲ್ಲ. ಎಲ್ಲರೂ ಬೋರ್ಡಿನ ಕಡೆ ತಿರುಗಿದರು.

"ಬೋರ್ಡ್ ನಾಗೆ ತಪ್ ಬರ್ದೈತೆ ಸಾರ್," ಅಂದ ಮಹೇಂದ್ರ. "ಬಲಗಡೇದು ಮೇಸ್ತ್ರೀದು. ಎಡಗಡೇದು ನಂದು. ಮೇಸ್ತ್ರಿ ಕಾಲ್ ನೋವು ಅಂತ ಮನೇಲಿದ್ರು, ಆತ್ರ ಮಾಡಿ ನಾನೇ ಕೈ ಆಕ್ದೆ. ಕೆಟ್ಟೋಯ್ತು."

ಅವನು ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡುತ್ತಾ ನಿಂತೆ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಂದು ಬಾಯಿ ಒಡ್ಡಿತು. ಕೋತಿ ಸುಮ್ಮನೆ ನಿಂತಿತ್ತು, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು.

19 ಜನವರಿ, ಶನಿವಾರ

ಪ್ರೈಜ್ ಇಲ್ಲ. ರಾಕೆಟ್ ಆಟೋಗೆ ಹೋಯಿತು. ಪುಣೆಯವರು ಮಹೇಂದ್ರನ ಮಾತೇ ಎತ್ತದೆ ಹೊರಟರಂತೆ.

ಒಂದು ವಿಷಯ ಬರೆಯಲೇಬೇಕು. ಅವನ ಮೇಲೆ ಇನ್ನೂ ಸಿಟ್ಟಿದೆ. ಕೆಲಸದಲ್ಲಿ ನನ್ನನ್ನು ಹಿಂದೆ ಹಾಕಿದ್ದ, ಸಾಲದೆ? ಒಳ್ಳೆಯತನದಲ್ಲೂ ಹಿಂದೆ ಹಾಕಬೇಕಿತ್ತೆ?

24 ಜನವರಿ, ಗುರುವಾರ

ಶ್ರೀಕಾಂತ್ ಫೋನ್. "ಚನ್ನಕೇಶವ್ ಅವ್ರೇ, ಮುಂದಿನ್ ಕಾರು ನೀವೊಬ್ರೇ ನೋಡ್ಕೊಳಿ. ಮಹೇಂದ್ರಂಗೆ ಬರ್ಬೇಡ ಅಂದಿದೀನಿ. ಬಲಗಡೆ ಡೋರ್ ನೋಡಿದ್ರಲ್ಲ ಜನ... ಬೋರ್ಡ್ ಮೇಲೆ ನಿಮ್ದೊಂದೇ ಹೆಸ್ರು."

ಸೆಪ್ಟೆಂಬರಿನಿಂದ ಬೇಡಿಕೊಂಡದ್ದು ಅಷ್ಟೂ ಸಿಕ್ಕಿತು. ಗೋಪಾಲಮ್ಮನಿಗೆ ಹೇಳಿದೆ. "ಮತ್ತೆ ಮುಖ ಯಾಕೆ ಹಂಗಿದೆ?" ಅಂದಳು. ಕಾಲು ನೋವು ಅಂದೆ. ಕಾಲು ನೋಯುವುದೇ ಇಲ್ಲ ಎಂದು ಅವಳಿಗೆ ಗೊತ್ತು.

28 ಜನವರಿ, ಸೋಮವಾರ

ಕಾಲಿನ ಕಟ್ಟು ಬಿಚ್ಚಿಸಲು ಹೋಗಿದ್ದೆ. ಡಾಕ್ಟರಮ್ಮ ಕೈ ಚಾಚಿಸಿದರು. ಒಂದು ನೈಲಾನ್ ದಾರ, ಮೀನು ಹಿಡಿಯುವ ದಾರದಂಥದ್ದು.

"ಕಣ್ಮುಚ್ಚಿ. ದಾರ ತಾಗ್ದಾಗೆಲ್ಲ ಹೂಂ ಅನ್ನಿ."

ಮೊಣಕೈ ಹತ್ತಿರ ತಾಗಿತು. ಹೂಂ ಅಂದೆ. ಮಣಿಕಟ್ಟಿಗೆ ತಾಗಿತು. ಹೂಂ. ಆಮೇಲೆ ಸುಮ್ಮನಾದರು. ಕಾದೆ. ಹೊರಗೆ ಬಸ್ಸಿನ ಸದ್ದು. ಯಾರದೋ ಮಗು ಅಳುತ್ತಿತ್ತು. ಸಾಕಷ್ಟು ಹೊತ್ತಾಯಿತು.

"ಅಂಗೈಗೆ ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ?"

"ಮುಗೀತು ಚನ್ನಕೇಶವ್. ಎರಡೂ ಕೈಗೆ ಹತ್ತತ್ತು ಸಲ ಮುಟ್ಟಿದೆ."

ಕಣ್ಣು ಬಿಟ್ಟೆ. ದಾರ ಇನ್ನೂ ನನ್ನ ಅಂಗೈ ಮೇಲೇ ಬಗ್ಗಿ ನಿಂತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಬೇಕಾಯಿತು. ಕಾರಿನಷ್ಟು ದೊಡ್ಡದು.

30 ಜನವರಿ, ಬುಧವಾರ

ಶೆಡ್ಡಿಗೆ ಹೋದೆ. ಕಾರು ವಾಪಸ್ ಬಂದಿದೆ. ಆವಲಪ್ಪನನ್ನು ಹಿಡಿದು ಕೂರಿಸಿದೆ. ಬಲಗಡೆ ಬಾಗಿಲಿನ ವಿಷಯ ನಿಜ ಹೇಳು ಅಂದೆ. ಅವನು ಬೀಡಿ ಅರ್ಧ ಸೇದಿ ಹೇಳಿದ:

"ಅದ್ರಲ್ಲೂ ಅಲೆ ಇತ್ತು ಕಣೋ. ಇದಕ್ಕಿಂತ ಕಮ್ಮಿ. ನೀನು ಮನೆಗ್ ಹೋದ್ಮೇಲೆ ಮಹೇಂದ್ರ ರಾತ್ರಿಯೆಲ್ಲ ಕೂತು ಸರಿ ಮಾಡ್ದ. ಮೇಸ್ತ್ರಿಗ್ ಹೇಳಿದ್ರೆ ಚೆನ್ನಾಗಿರಲ್ಲ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ."

ಫ್ಯಾಕ್ಟರಿ ಪ್ರೆಸ್‌ನಲ್ಲಿ ಒತ್ತಿದ ಹಾಗೆ. ಶ್ರೀಕಾಂತ್ ಎರಡು ಸಲ ಅಂದಿದ್ದರು.

3 ಫೆಬ್ರವರಿ, ಭಾನುವಾರ

ಮಹೇಂದ್ರ ಸಾಮಾನು ಒಯ್ಯಲು ಬಂದ. ದೋಸೆ ಕೈ, ಬ್ರಷ್ಷು, ಡಬ್ಬಗಳು. ಶೆಡ್ಡಿನಲ್ಲಿ ನಾವಿಬ್ಬರೇ. ಏರ್ ಶೋ ಹತ್ತಿರ ಬಂತು, ಏರ್‌ಫೋರ್ಸ್ ವಿಮಾನಗಳು ಪ್ರಾಕ್ಟೀಸ್ ಶುರು ಮಾಡಿವೆ. ಶೀಟುಗಳೆಲ್ಲ ಅದುರುತ್ತಿದ್ದವು.

"ಪುಟ್ಟಿ ಉಜ್ಜಿದ್ದು ನಾನು ಅಂತ ಯಾವಾಗ ಗೊತ್ತಾಯ್ತೋ?" ಅಂದೆ.

"ಬೂತ್ ನಾಗೆ. ಬಣ್ಣ ಒಣಗಿದ್ ತಕ್ಷಣ, ಶೋ ಹಿಂದಿನ್ ರಾತ್ರಿ. ಮತ್ತೆ ಮಾಡಕ್ಕೆ ಟೈಮ್ ಇರ್ಲಿಲ್ಲ."

"ಕೋಪ ಬರ್ಲಿಲ್ವಾ?"

"ಬರ್ದೆ ಇರ್ತದಾ?" ಡಬ್ಬ ಕುಕ್ಕಿದ. "ಬಾಯಿಗೆ ಬಂದಂಗೆ ಬೈದೆ ನಿಮ್ನ. ನಿಮ್ ವಯಸ್ಸಿಗೂ ಮರ್ವಾದೆ ಕೊಡ್ಲಿಲ್ಲ. ನಾಕ್ ತಿಂಗ್ಳು ಕೆಲ್ಸ ಮೇಸ್ತ್ರಿ ಅದು, ನನ್ ಪುಣೆ ಅದು. ಯಾಕ್ ಉಜ್ಜಿದ್ರಿ ಅಂತ ಕೇಳ್ಬೇಕು ಅಂತ್ಲೇ ಬಂದೆ ಇವತ್ತು."

"ಹೊಟ್ಟೆಕಿಚ್ಚು," ಅಂದೆ. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಬೇರೆ ಏನನ್ನೋ ನಿರೀಕ್ಷಿಸಿದ್ದ ಅಂತ ಕಾಣುತ್ತದೆ.

"ಮತ್ತೆ ಅಲ್ಲಿ ಯಾಕೋ ಸುಳ್ಳು ಹೇಳ್ದೆ?"

"ನಂಗಿನ್ನೂ ಮೂವತ್ತು. ಒಂದ್ ಕಾರ್ ಓದ್ರೆ ಇನ್ನೊಂದ್ ಮಾಡ್ತೀನಿ. ನಿಮ್ಗೆ..." ಅಲ್ಲಿಗೆ ನಿಲ್ಲಿಸಿದ.

ಕಾರಿನ ಎಡಗಡೆ ಬಾಗಿಲ ಹತ್ತಿರ ಹೋದೆ. ಕಣ್ಣು ಮುಚ್ಚಿ ಅಂಗೈ ಇಟ್ಟೆ. ಅಲೆ ಎಲ್ಲಿದೆ ತೋರಿಸು ಅಂದೆ. ಅವನು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಸರಿಸಿದ.

"ಇಲ್ಲಿ ಏಳ್ತದೆ ನೋಡಿ ಮೇಸ್ತ್ರಿ. ಇಲ್ಲಿ ಬೀಳ್ತದೆ. ಮತ್ತೆ ಇಲ್ಲಿ. ಗೊತ್ತಾಯ್ತಾ?"

"ಹೂಂ. ಗೊತ್ತಾಯ್ತು."

ಏನೂ ಗೊತ್ತಾಗಲಿಲ್ಲ. ಮಣಿಕಟ್ಟಿನ ಮೇಲೆ ಅವನ ಕೈ ಬೆಚ್ಚಗಿತ್ತು, ಅಷ್ಟೇ.

ಹೊರಡುವಾಗ ಶ್ರೀಕಾಂತ್‌ಗೆ ನಿಜ ಹೇಳಿ ತನ್ನ ಹೆಸರು ಸರಿಪಡಿಸಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

5 ಫೆಬ್ರವರಿ, ಮಂಗಳವಾರ. ಬೆಳಿಗ್ಗೆ 9.40

ಫಾಸ್ಟಿಂಗ್ 171. ಶೆಡ್ಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಹತ್ತಕ್ಕೆ ಶ್ರೀಕಾಂತ್ ಬರುತ್ತಾರೆ, ಹೊಸ ಕಾರಿನ ಮಾತಿಗೆ. ಬೋರ್ಡಿಗೆ ಹೆಸರು ಹೇಗೆ ಬರೆಯಬೇಕು, ಇನಿಷಿಯಲ್ ಬೇಕೆ ಎಂದು ನಿನ್ನೆಯೇ ಕೇಳಿದ್ದರು. ಒಂದು ಕ್ಷಣ ಯೋಚಿಸಿದೆ ಕೂಡ, ಇನಿಷಿಯಲ್ ಇದ್ದರೆ ಚೆನ್ನ ಎಂದು. ಇಂಥವನು ನಾನು.

ಹೇಳಿಬಿಡುತ್ತೇನೆ. ಹೇಳಿದ ಮೇಲೆ ಈ ಶೆಡ್ಡಿನಲ್ಲಿ ನನಗೆ ಕೆಲಸವಿರುವುದಿಲ್ಲ. ಎಲ್ಲಿಯೂ ಇರುವುದಿಲ್ಲ. ಅಂಗೈ ಸತ್ತ ಟಿಂಕರನಿಗೆ ಯಾರು ಬಾಗಿಲು ಕೊಡುತ್ತಾರೆ? ಸುತ್ತಿಗೆಗಳನ್ನು ತೊಳೆದು ಚೀಲಕ್ಕೆ ಹಾಕಿದ್ದೇನೆ. ಮಹೇಂದ್ರ ಮ್ಯೂಸಿಯಂ ಅಂದಿದ್ದ. ಅವನಿಗೇ ಕೊಡುವುದು.

ಎದುರಿಗೆ ನಿಂತಾಗ ಬಾಯಿ ತಪ್ಪಬಾರದು. ಇಲ್ಲೇ ಬರೆದುಕೊಂಡು ಅದನ್ನೇ ಓದಿಬಿಡುತ್ತೇನೆ.

ಸಾರ್, ಎಡಗಡೆ ಬಾಗಿಲು ನಂದು. ಮಹೇಂದ್ರ ಅದನ್ನು ಸರಿ ಮಾಡಿದ್ದ. ಕೆಡಿಸಿದ್ದು ನಾನು. ಬಲಗಡೆಯದೂ ನಂದಲ್ಲ, ಅವನದು. ನನ್ನ ಅಂಗೈಗೆ ಈಗ...

ಗೇಟಿನ ಹತ್ತಿರ ಹಾರ್ನ್. ಅವರೇ.

ನನ್ನ ಅಂಗೈಗೆ ಈಗ